ಸೊಂಟದ ದಿಂಬು

ಹತ್ತಿ ತುಂಬದ ದಿಂಬನ್ನು ಹೊಲಿಯುವುದು ಹತ್ತಿ ತುಂಬುವ ದಿಂಬನ್ನು ಹೊಲಿಯುವುದಕ್ಕಿಂತ ಕಷ್ಟ ಅನ್ನುವುದು ಟೇಪಮ್ಮನಿಗೆ ಇಷ್ಟು ವರ್ಷ ಸೂಜಿ ಹಿಡಿದ ಮೇಲೆ ಇವತ್ತು ಗೊತ್ತಾಯಿತು. ತುಂಬುವುದಾದರೆ ಹೊಲಿಗೆ ಅಲ್ಲಿ ಇಲ್ಲಿ ಸೊಟ್ಟಗಾದರೂ ನಡೆಯುತ್ತದೆ, ಹತ್ತಿ ಒಳಗಿನಿಂದ ಒತ್ತಿ ಎಲ್ಲವನ್ನೂ ಸರಿ ಮಾಡಿಬಿಡುತ್ತದೆ. ಖಾಲಿ ಬಿಟ್ಟರೆ ಒಂದೊಂದು ಸುಕ್ಕೂ ಕಣ್ಣಿಗೆ ಹೊಡೆಯುತ್ತದೆ. ನಾಟಕ ಕಂಪನಿಯ ಹೊಲಿಗೆ ಕೋಣೆಗೆ ಅವಳು ಬೇರೆಯವರು ಬರುವ ಮೊದಲೇ ಬಂದು, ದೀಪ ಕೂಡ ಹಾಕದೆ, ಕಿಟಕಿ ಪಕ್ಕದ ಮಿಷನ್ನಿನ ಮುಂದೆ ಕೂತು ಕಳ್ಳಿಯ ಹಾಗೆ ಪೆಡಲು ತುಳಿಯುತ್ತಿದ್ದಳು. ಹಿಂದೆ ಗೋಡೆಯುದ್ದಕ್ಕೂ ಹಾಕಿದ್ದ ಕಬ್ಬಿಣದ ಸಲಾಕೆಯಲ್ಲಿ ಯಾವುದೋ ಹಳೇ ಕಾಲದ ಅರಮನೆಯ ಹೆಂಗಸರ ಲಂಗಗಳು ತೂಗುತ್ತಿದ್ದವು, ಕಪ್ಪು, ಕಡುಗೆಂಪು, ಪಾಚಿ ಬಣ್ಣ. ಒಳಗೆ ಮೈಯಿಲ್ಲದೆ ಅವಕ್ಕೆ ಜೋಲುಮುಖ ಬಂದಿತ್ತು. ಅವುಗಳ ಕೆಳಗಿನ ಬುಟ್ಟಿಯಲ್ಲಿ ದಿಂಬುಗಳು. ಅರ್ಧಚಂದ್ರದ ಆಕಾರದ, ತೋಳಿನಷ್ಟು ದಪ್ಪದ, ಎರಡು ತುದಿಗೂ ಲಾಡಿ ಇರುವ ದಿಂಬುಗಳು. ಲಂಗದ ಒಳಗೆ ಸೊಂಟಕ್ಕೆ ಹಿಂದಿನಿಂದ ಸುತ್ತಿ ಹೊಟ್ಟೆಯ ಮೇಲೆ ಗಂಟು ಹಾಕಿಕೊಂಡರೆ ಲಂಗ ಅಲ್ಲಿಂದ ಕೊಡೆಯ ಹಾಗೆ ಅಗಲವಾಗಿ ಬೀಳುತ್ತದೆ. ನೋಡುವವರಿಗೆ ಲಂಗ ಕಾಣುತ್ತದೆ, ದಿಂಬು ಕಾಣುವುದಿಲ್ಲ. ಕಂಡರೆ ಟೇಪಮ್ಮನ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಈಗ ಅವಳು ಹೊಲಿಯುತ್ತಿದ್ದದ್ದು ತನ್ನ ತಂಗಿಗೆ. ಒಳಗೆ ಏನೂ ಇಲ್ಲದ, ಬರೀ ಎರಡು ಪದರ ಬಟ್ಟೆಯ ದಿಂಬು. ಕಟ್ಟಿಕೊಂಡರೂ ಮೈ ಒಂದು ಕೂದಲೆಳೆಯಷ್ಟೂ ದಪ್ಪವಾಗಬಾರದು, ಆದರೆ ಎಲ್ಲರ ಮುಂದೆ ಅವಳಿಗೂ ಕಟ್ಟಿದರು ಅಂತ ಆಗಬೇಕು. ಹೋದ ತಿಂಗಳು ತಾನು ಮಾಡಿದ ಅನಾಹುತಕ್ಕೆ ಇದು ಪರಿಹಾರವೋ ಇನ್ನೊಂದು ಅನಾಹುತವೋ ಅವಳಿಗೇ ಗೊತ್ತಿರಲಿಲ್ಲ. ಕೈಗೆ ಬೇರೇನೂ ತೋಚಿರಲಿಲ್ಲ, ಅಷ್ಟೆ.

ಟೇಪಮ್ಮ ಅಂತ ಹೆಸರಿಟ್ಟಿದ್ದು ಕಂಪನಿಯ ಇಸ್ತ್ರಿಯವನು. ಅಳತೆಯ ಟೇಪು ಅವಳ ಕೊರಳಿಂದ ಇಳಿದದ್ದನ್ನು ಯಾರೂ ನೋಡಿಲ್ಲ, ಮಲಗುವಾಗಲೂ ಅದು ಅಲ್ಲೇ ಇರುತ್ತೆ ಅಂತ ಅವನು ಹೇಳಿದ್ದೇ ತಡ ಹೆಸರು ಅಂಟಿಕೊಂಡಿತು. ಅವಳಿಗೆ ಅದರಿಂದ ಬೇಜಾರೇನೂ ಇಲ್ಲ. ಚಿಕ್ಕಂದಿನಲ್ಲಿ ಬಂಧು ಬಳಗವೆಲ್ಲ ಕಡ್ಡಿ ಅನ್ನುತ್ತಿತ್ತು, ಅದರ ಮುಂದೆ ಇದು ಬಿರುದು. ಇಸ್ತ್ರಿಯವನು ಬಾಗಿಲು ತಳ್ಳಿಕೊಂಡು ಬಂದವನೇ ದೀಪ ಹಾಕಿದ. ಟೇಪಮ್ಮ ಹೊಲಿಯುತ್ತಿದ್ದದ್ದನ್ನು ಮಡಿಲಿಗೆ ಎಳೆದುಕೊಂಡಳು. ಎಳೆದುಕೊಂಡದ್ದರಿಂದಲೇ ಅವನ ಕಣ್ಣು ಅಲ್ಲಿಗೆ ಬಿತ್ತು.

"ಏನಿದು, ಹತ್ತಿ ತುಂಬೋದು ಮರೆತುಬಿಟ್ರಾ?"

"ಮಾದರಿ," ಅಂದಳು.

"ಮಾದರಿ ಮಾಡೋ ಕಾಲ ಮುಗೀತಲ್ಲ. ಇವತ್ತು ಬಟ್ಟೆ ಹಾಕ್ಕೊಂಡು ಮಾಡೋ ರಿಹರ್ಸಲ್ಲು. ಮುಂದಿನ ನಾಟಕಕ್ಕೆ ಈಗಲೇ ಶುರು ಹಚ್ಕೊಂಡ್ರಾ ಹೇಗೆ?" ಅವನು ಇಸ್ತ್ರಿಪೆಟ್ಟಿಗೆಯ ವೈರು ಬಿಡಿಸುತ್ತ, ಏನೋ ನೆನಪಾದವನಂತೆ ದನಿ ಇಳಿಸಿದ. "ನಿಮ್ಮ ತಂಗಿ ಪಾರ್ಟು ಬಿಡ್ತಾರಂತೆ?"

"ಯಾರಂದ್ರು?"

"ನಿರ್ದೇಶಕರು ನಿನ್ನೆ ಫೋನಲ್ಲಿ ಯಾರಿಗೋ ಹೇಳ್ತಾ ಇದ್ರು. ಅವರೇ ಬಂದು ಬೇರೆಯವರಿಗೆ ಕೊಟ್ಬಿಡಿ ಅಂದ್ರಂತೆ. ಇವತ್ತು ಬಟ್ಟೆ ಹಾಕ್ಕೊಂಡು ಬಂದು ನಿಂತ್ರೆ ಸರಿ, ಇಲ್ಲಾಂದ್ರೆ ಟಿಕೆಟ್ ಕೊಡೋ ಹುಡುಗೀನ ನಿಲ್ಲಿಸ್ತೀನಿ ಅಂತಿದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿಲ್ಲ ಅನ್ನಲು ನಾಚಿಕೆಯಾಗಿ ಟೇಪಮ್ಮ ಹೂಂ ಅಂದಳು. ಒಡಹುಟ್ಟಿದವಳ ಸುದ್ದಿಯನ್ನು ಇಸ್ತ್ರಿಯವನ ಬಾಯಿಂದ ಕೇಳುವಂತಾಯಿತಲ್ಲ. ಬಿಡುತ್ತಾಳೆ ಅಂದರೆ ಬಿಟ್ಟೇ ಬಿಡುತ್ತಾಳೆ, ತಂಗಿಯದು ಯಾವತ್ತೂ ಸದ್ದಿಲ್ಲದ ಹಟ. ಗಂಡ ಇನ್ನೊಂದು ಮನೆ ಮಾಡಿಕೊಂಡು ಹೋದಾಗಲೂ ಅವಳು ಕೂಗಾಡಲಿಲ್ಲ, ಅವನ ಚಪ್ಪಲಿ ಸ್ಟ್ಯಾಂಡನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಳು. ಆಮೇಲೆ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ನಿಂತು ಬೇರೆಯವರ ಮೂಗಿಗೆ ಚೌಕಟ್ಟು ಕೂರಿಸುತ್ತ ವರ್ಷಗಳನ್ನು ಕಳೆದಳು. ಈ ನಾಟಕಕ್ಕೆ ಅವಳನ್ನು ಕರೆದುಕೊಂಡು ಬಂದದ್ದು ಟೇಪಮ್ಮನೇ. ಸಂಜೆ ಹೊತ್ತು ಮನೆಯಲ್ಲಿ ಗೋಡೆ ನೋಡ್ತಾ ಕೂತು ಏನು ಮಾಡ್ತೀಯ, ಬಾ, ಹಿಂದೆ ಸುಮ್ನೆ ನಿಂತ್ಕೊಂಡ್ರೂ ಆಯ್ತು ಅಂತ. ಹಿಂದೆ ನಿಲ್ಲಲು ಬಂದವಳನ್ನು ನಿರ್ದೇಶಕ ಮೊದಲ ದಿನವೇ ಮುಂದಕ್ಕೆ ಕರೆದ. ಮೂರನೇ ದೃಶ್ಯದಲ್ಲಿ ಸಾಲಿನಿಂದ ಹೊರಗೆ ಬಂದು, ರಾಜ ಇನ್ನು ಬರುವುದಿಲ್ಲ ಅಂತ ರಾಣಿಗೆ ಹೇಳುವವಳ ಪಾರ್ಟು. ನಾಲ್ಕು ಮಾತು. ಈಕೆ ನಿಂತರೆ ರಂಗ ತುಂಬುತ್ತೆ ಅಂದಿದ್ದನಂತೆ. ತಂಗಿ ಅದನ್ನು ಅವತ್ತೇ ಫೋನು ಮಾಡಿ ಹೇಳಿದಳು, ಭಾನುವಾರ ಊಟಕ್ಕೆ ಬಂದಾಗ ಮತ್ತೆ ಹೇಳಿದಳು, ಕೈ ತೊಳೆಯುವಾಗ ಇನ್ನೊಂದು ಸಲ ಹೇಳಿದಳು. ನಲವತ್ತು ದಾಟಿದ ಹೆಂಗಸು ಶಾಲೆಯಲ್ಲಿ ಬಹುಮಾನ ಬಂದವಳ ಹಾಗೆ ಆಡುತ್ತಿದ್ದಾಳಲ್ಲ ಅಂತ ಟೇಪಮ್ಮನಿಗೆ ನಗು ಬಂದಿತ್ತು. ನಗುವಿನ ಅಡಿಯಲ್ಲಿ ಇನ್ನೇನೋ ಸ್ವಲ್ಪ ಚುಚ್ಚಿಯೂ ಇತ್ತು. ಈ ಕಂಪನಿಯಲ್ಲಿ ಇಷ್ಟು ವರ್ಷ ಇದ್ದರೂ ತನ್ನನ್ನು ಯಾರೂ ಯಾವುದಕ್ಕೂ ಮುಂದೆ ಬಾ ಅಂದಿರಲಿಲ್ಲ.

ಅದನ್ನು ಅವಳು ಈಗ, ಮಿಷನ್ನಿನ ಮುಂದೆ ಕೂತು, ಸುತ್ತುಬಳಸಿಲ್ಲದೆ ಒಪ್ಪಿಕೊಳ್ಳಬೇಕಾಯಿತು. ಒಂದು ತಿಂಗಳಿಂದ ಒಪ್ಪದೆ ತಪ್ಪಿಸಿಕೊಂಡು ಓಡಾಡಿದ್ದಳು. ಅವತ್ತು ನಡೆದದ್ದು ಬರೀ ಕೆಲಸ, ಅಳತೆಯ ವಿಷಯ, ಅದರಲ್ಲಿ ಮನಸ್ಸಿಗೆ ಹಚ್ಚಿಕೊಳ್ಳುವುದೇನಿದೆ ಅಂತ ಪಾತ್ರೆ ತೊಳೆಯುವಾಗಲೂ ಬಸ್ಸಿನಲ್ಲಿ ನಿಂತಾಗಲೂ ತನ್ನ ಪರವಾಗಿ ತಾನೇ ವಾದ ಮಾಡಿದ್ದಳು. ವಾದದಲ್ಲಿ ಹುರುಳಿರಲಿಲ್ಲ ಅಂತಲೂ ಅಲ್ಲ. ರಾಣಿಯ ಹಿಂದೆ ನಿಲ್ಲುವ ಏಳು ಜನ ಸಖಿಯರ ಸೊಂಟದ ಗೆರೆ ಗೋಡೆ ಕಟ್ಟಿದ ಹಾಗೆ ಒಂದೇ ಸಮ ಇರಬೇಕು ಅಂತ ನಿರ್ದೇಶಕ ಹೇಳಿದ್ದ. ಬಟ್ಟೆ ಒಂದೇ ಥಾನು, ಕತ್ತರಿಸಿದ್ದು ಒಂದೇ ಕಾಗದದ ಮಾದರಿಯಿಂದ. ಬೇರೆ ಕಡೆ ಮೈ ನೋಡಿ ಬಟ್ಟೆ ಹೊಲಿಯುತ್ತಾರೆ. ಇಲ್ಲಿ ಲಂಗ ಎಲ್ಲರಿಗೂ ಒಂದೇ, ಅದಕ್ಕೆ ಮೈಗಳನ್ನು ಒಳಗಿನಿಂದ ಸಮ ಮಾಡಬೇಕು. ಬಡಕಲು ಹುಡುಗಿಗೆ ದಪ್ಪ ದಿಂಬು, ಮೈಕೈ ತುಂಬಿದವಳಿಗೆ ತೆಳು ದಿಂಬು. ಅವತ್ತು ಏಳು ಜನ ಒಳಲಂಗದಲ್ಲಿ ಸಾಲಾಗಿ ನಿಂತಿದ್ದರು, ರಾಣಿ ಪಾರ್ಟಿನವಳು ತನ್ನ ಅಳತೆ ಮುಗಿಸಿಕೊಂಡು ಮೇಜಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಟೇಪಮ್ಮ ಒಬ್ಬೊಬ್ಬರ ಸೊಂಟಕ್ಕೂ ಟೇಪು ಸುತ್ತಿ, ಬುಟ್ಟಿಯಿಂದ ಸರಿಯಾದ ದಿಂಬು ಆರಿಸಿ ಕಟ್ಟಿ, ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದಳು. ಹುಡುಗಿಯರು ದಿಂಬು ಕಟ್ಟಿಸಿಕೊಂಡು ಹಿಂದೆ ಮುಂದೆ ತಿರುಗಿ ಕನ್ನಡಿ ನೋಡಿ ಕಿಸಿಕಿಸಿ ನಗುತ್ತಿದ್ದರು. ಸಾಲಿನ ಕೊನೆಯಲ್ಲಿ ತಂಗಿ. ತನ್ನ ಸರದಿ ಬರುವ ಮೊದಲೇ ಎರಡೂ ಕೈ ಎತ್ತಿಕೊಂಡು ನಿಂತಿದ್ದಳು, ಕಚಗುಳಿಗೆ ಹೆದರಿ ಮುಖದಲ್ಲಿ ನಗು ತುಂಬಿಕೊಂಡು. ಟೇಪು ಸುತ್ತಿದರೆ, ಬೇರೆಯವರು ದಿಂಬು ಕಟ್ಟಿಕೊಂಡು ಎಷ್ಟಾಗಿದ್ದರೋ ತಂಗಿ ಏನೂ ಕಟ್ಟಿಕೊಳ್ಳದೆ ಸರಿಯಾಗಿ ಅಷ್ಟೇ ಇದ್ದಳು. ಶೇಷವಿಲ್ಲದೆ ಭಾಗಾಕಾರ ಮುಗಿದ ಸಂತೋಷ ಟೇಪಮ್ಮನಿಗೆ. "ನಿನಗೆ ದಿಂಬು ಬೇಡ ಬಿಡು," ಅಂದಳು. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. "ನಿನಗೆ ದೇವರೇ ಕೊಟ್ಟುಬಿಟ್ಟಿದ್ದಾನೆ." ಕೋಣೆಗೆ ಕೋಣೆಯೇ ನಕ್ಕಿತು. ರಾಣಿ ಪಾರ್ಟಿನವಳು ಮೇಜಿನಿಂದ ಬೀಳುವ ಹಾಗೆ ನಕ್ಕಳು. ಇಸ್ತ್ರಿಯವನು ಆ ಕಡೆ ತಿರುಗಿಕೊಂಡು ನಕ್ಕ. ತಂಗಿಯೂ ನಕ್ಕಳು. ನಗುತ್ತಲೇ ಇದ್ದ ಅವಳ ಎತ್ತಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಒಂದೊಂದಾಗಿ ಇಳಿದವು.

ಹೊಗಳಿಕೆ ಅಂತಲೇ ಅಂದದ್ದು, ಅಂತ ವಾದ. ನಿಜವಾಗಿಯೂ ಟೇಪಮ್ಮನಿಗೆ ಅದು ಹೊಗಳಿಕೆಯೇ ತಾನೆ. ಚಿಕ್ಕಂದಿನಲ್ಲಿ ಮನೆಗೆ ಯಾರಾದರೂ ನೆಂಟರು ಬರುತ್ತಾರೆ ಅಂದರೆ ಅಮ್ಮ ಹಳೇ ಹೊದಿಕೆಯೊಂದನ್ನು ಉದ್ದಕ್ಕೆ ಮಡಿಸಿ, ಲಂಗದ ಒಳಗೆ ಇವಳ ಸೊಂಟಕ್ಕೆ ಸುತ್ತುತ್ತಿದ್ದಳು. ಇಲ್ಲಾಂದ್ರೆ ನಾನು ನಿನಗೆ ಊಟ ಹಾಕಲ್ಲ ಅಂತಾರೆ ಕಣೇ, ಸುಮ್ನೆ ನಿಂತ್ಕೋ. ಬೆನ್ನ ಹಿಂದೆ ಗಂಟು ಬಿಗಿಯಲು ತಂಗಿಯನ್ನು ಕರೆಯುತ್ತಿದ್ದಳು. ತಂಗಿಯದು ಪುಟ್ಟ ಕೈ, ಗಂಟು ಮಾತ್ರ ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಅದೇ ಹೊತ್ತಿಗೆ ಅಮ್ಮ ತಂಗಿಗೆ ಹೊಟ್ಟೆ ಒಳಗೆ ಎಳ್ಕೋ, ಎರಡನೇ ಸಲ ಬಡಿಸ್ಕೋಬೇಡ, ಎಲ್ಲರೂ ನೋಡ್ತಿರ್ತಾರೆ ಅಂತಲೂ ಹೇಳುತ್ತಿದ್ದಳು. ಒಬ್ಬಳಿಗೆ ತುಂಬಬೇಕು ಒಬ್ಬಳಿಗೆ ಬಿಗೀಬೇಕು, ನನ್ನ ಹಣೇಬರಹ, ಅಂತ ಕೊನೆಯಲ್ಲಿ ಒಂದು ನಿಟ್ಟುಸಿರು. ಹೊದಿಕೆ ಸುತ್ತಿಕೊಂಡು ಕೂರುವಾಗ ಸೆಕೆಗೆ ಬೆವರು ಇಳಿದು ತೊಡೆಯೆಲ್ಲ ಕೆರೆಯುತ್ತಿತ್ತು. ಎದುರಿಗೆ ತಂಗಿ ಏನೂ ಸುತ್ತಿಕೊಳ್ಳದೆ, ದೇವರು ಕೊಟ್ಟ ಮೈಯಲ್ಲಿ, ತಣ್ಣಗೆ ಕೂತಿರುತ್ತಿದ್ದಳು. ಆವಾಗಿನಿಂದ ಟೇಪಮ್ಮನಿಗೆ ದಿಂಬು ಬೇಡ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಭಾಗ್ಯ ಇನ್ನೊಂದಿಲ್ಲ. ಹಾಗಿದ್ದರೆ ಅದನ್ನು ತಂಗಿಯ ಕಿವಿಯಲ್ಲಿ ಮೆಲ್ಲಗೆ ಹೇಳಬಹುದಿತ್ತಲ್ಲ. ಇಲ್ಲ, ಗಟ್ಟಿಯಾಗಿ, ರಾಣಿ ಪಾರ್ಟಿನವಳಿಗೂ ಕೇಳುವ ಹಾಗೆ ಹೇಳಿದಳು. ನಗು ಎದ್ದಾಗ ಮೈಯಲ್ಲಿ ಬೆಚ್ಚಗೆ ಒಂದು ಸುಖ ಹರಿಯಿತು. ಆ ಸುಖ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಂದು ಸಲ ಚಿಕ್ಕಮ್ಮನ ಮನೆಯಲ್ಲಿ ತಾನು ಮೆಟ್ಟಿಲು ಇಳಿಯುವಾಗ ಸೊಂಟದ ಹೊದಿಕೆ ಜಾರಿ ಎಲ್ಲರ ನಡುವೆ ಬಿದ್ದಿತ್ತಲ್ಲ, ಗಂಟು ಅವತ್ತು ಅಮ್ಮ ಹಾಕಿದ್ದು. ಯಾರದು ಇದು, ಎಲ್ಲಿಂದ ಬಿತ್ತು ಅಂತ ಚಿಕ್ಕಮ್ಮ ಕೇಳುತ್ತಿದ್ದ ಹಾಗೇ ತಂಗಿ ಓಡಿಬಂದು ಅದನ್ನು ಎತ್ತಿಕೊಂಡು, ನಂದು, ಹೊಟ್ಟೆನೋವು ಅಂತ ಸುತ್ಕೊಂಡಿದ್ದೆ ಅಂದಿದ್ದಳು. ಇರೋದು ಸಾಲದು ಅಂತ ಇದೂ ಬೇಕಿತ್ತೇನೇ ನಿನಗೆ ಅಂತ ಯಾರೋ ಅಂದರು, ಎಲ್ಲರೂ ನಕ್ಕರು. ಮೆಟ್ಟಿಲ ಮೇಲೆ ನಿಂತಿದ್ದ ಕಡ್ಡಿಯೂ ನಕ್ಕಿದ್ದಳು. ನಗದಿದ್ದರೆ ಗೊತ್ತಾಗಿಬಿಡುತ್ತದೆ ಅಂತ ನಕ್ಕಿದ್ದು. ತಂಗಿ ಆ ವಿಷಯವನ್ನು ಆಮೇಲೆ ಒಂದು ದಿನವೂ ಎತ್ತಲಿಲ್ಲ, ಜಗಳದ ನಡುವೆ ಕೂಡ.

"ಟೇಪಮ್ಮ, ದಾರ ಮುಗಿದಿದೆ," ಅಂದ ಇಸ್ತ್ರಿಯವನು. ನೋಡಿದರೆ ಹೌದು, ಎಷ್ಟು ಹೊತ್ತಿನಿಂದಲೋ ಬರೀ ಸೂಜಿ ಬಟ್ಟೆಯನ್ನು ಕುಟ್ಟುತ್ತಿತ್ತು. ಬಟ್ಟೆಯ ಮೇಲೆ ಸಾಲಾಗಿ ತೂತು ಬಿದ್ದಿತ್ತು. ಅವಳು ಬೇರೆ ದಾರ ಪೋಣಿಸಿಕೊಂಡು ಉಳಿದ ಅಂಚು ಮುಗಿಸಿ, ಲಾಡಿ ಹಚ್ಚಿ, ದಿಂಬನ್ನು ಕೈಚೀಲದಲ್ಲಿ ಊಟದ ಡಬ್ಬಿಯ ಪಕ್ಕ ತುರುಕಿದಳು. ಆ ದಿನದ ನಂತರ ತಂಗಿ ಭಾನುವಾರದ ಊಟಕ್ಕೆ ಬಂದಿರಲಿಲ್ಲ. ಫೋನು ಮಾಡಿದರೆ ರಿಹರ್ಸಲ್ಲು ಇದೆ ಅನ್ನುತ್ತಿದ್ದಳು. ರಿಹರ್ಸಲ್ಲು ನಡೆಯುತ್ತಿದ್ದದ್ದು ದೂರದ ಶಾಲೆಯ ಹಾಲಿನಲ್ಲಿ, ಹೊಲಿಗೆಯವರಿಗೆ ಅಲ್ಲಿ ಕೆಲಸವಿಲ್ಲ. ಹೋಗಿ ನೋಡಬಹುದಾಗಿತ್ತು, ಹೋಗಲು ಮುಖವಿರಲಿಲ್ಲ. ಫೋನಿನಲ್ಲಿ ಪ್ರತಿ ಸಲವೂ ಟೇಪಮ್ಮ ಇವತ್ತು ಕೇಳೇ ಬಿಡುತ್ತೇನೆ ಅಂತ ಶುರುಮಾಡಿ, ನಲ್ಲಿ ರಿಪೇರಿಯವನು ಬಂದಿದ್ದನಾ, ಅಂಗಡಿಯಲ್ಲಿ ಹೊಸ ಮಾಲು ಬಂತಾ ಅಂತ ಏನೇನೋ ಕೇಳಿ ಇಡುತ್ತಿದ್ದಳು. ತಂಗಿ ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಡುತ್ತಿದ್ದಳು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಮನೆಯಲ್ಲಿ ಗಂಡ ಮಾತ್ರ ಭಾನುವಾರ ತಟ್ಟೆಯ ಮುಂದೆ ಕೂತು, "ನಿನ್ನ ತಂಗಿಗೆ ನಾವು ಬೇಡವಾದ್ವಾ?" ಅಂತ ಕೇಳುವವನು. "ನಾಟಕದವಳಾಗಿಬಿಟ್ಟಳು, ಪುರುಸೊತ್ತಿಲ್ಲ," ಅಂತ ಅವಳು ಪಾತ್ರೆಯ ಕಡೆ ಮುಖ ಮಾಡಿ ಹೇಳುವಳು. ಅಲ್ಲೂ ಒಂದು ಸುಳ್ಳು.

ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರೇ ಬಂದರು. ಕೋಣೆ ಪೌಡರು, ಬೆವರು, ಬಿಸಿ ಇಸ್ತ್ರಿಯ ವಾಸನೆಯಿಂದ ತುಂಬಿಕೊಂಡಿತು. ಟೇಪಮ್ಮ ದಿಂಬು ಕಟ್ಟುತ್ತ, ಅದರ ಏಣು ಕಾಣದಂತೆ ಮೇಲೆ ಇನ್ನೊಂದು ಒಳಲಂಗ ಬಿಗಿಯುತ್ತ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಒಬ್ಬರ ಹಿಂದಿನಿಂದ ಇನ್ನೊಬ್ಬರ ಹಿಂದಕ್ಕೆ ಹೋಗುತ್ತಿದ್ದಳು. ಬಾಯಲ್ಲಿ ಪಿನ್ನಿದ್ದರೆ ಮಾತಾಡಬೇಕಾಗಿಲ್ಲ ಅನ್ನುವುದು ದೊಡ್ಡ ಅನುಕೂಲ. ಬಾಗಿಲಿನ ಹತ್ತಿರ ಹೆಜ್ಜೆ ಸಪ್ಪಳವಾದಾಗಲೆಲ್ಲ ತಿರುಗಿ ನೋಡುತ್ತಿದ್ದಳು. ತಂಗಿ ಬಂದರೆ ಏನು ಹೇಳಬೇಕು ಅಂತ ಅವಳು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದಳು. ಇದೇ ಜನರ ಮುಂದೆ, ಇದೇ ಕೋಣೆಯಲ್ಲಿ, ಅವತ್ತು ನಾನು ಆಡಿದ ಮಾತು ತಪ್ಪು ಅನ್ನಬೇಕು. ಎಲ್ಲರ ಮುಂದೆ ಆಡಿದ್ದನ್ನು ಮೂಲೆಯಲ್ಲಿ ವಾಪಸು ತಗೊಂಡರೆ ಅದು ಲೆಕ್ಕಕ್ಕಿಲ್ಲ. ಆದರೆ ಈ ಮುಖಗಳನ್ನೆಲ್ಲ ನೋಡುತ್ತ ಹೋದಂತೆ, ಇವರೆಲ್ಲ ಅದನ್ನು ಮರೆತೇಹೋಗಿರಬಹುದು, ತಾನೇ ಕೆದಕಿ ನೆನಪು ಮಾಡಿಕೊಟ್ಟ ಹಾಗಾದೀತು ಅಂತ ಹೇಡಿ ಮನಸ್ಸು ದಾರಿ ಹುಡುಕತೊಡಗಿತು. ಅಷ್ಟರಲ್ಲಿ ರಾಣಿ ಪಾರ್ಟಿನವಳು ಕನ್ನಡಿಯಲ್ಲಿ ಹುಬ್ಬು ತಿದ್ದಿಕೊಳ್ಳುತ್ತ, "ದೇವರು ಕೊಟ್ಟವಳು ಎಲ್ಲಿ, ಇನ್ನೂ ಬಂದಿಲ್ವಾ?" ಅಂತ ಕೇಳಿದಳು.

"ಯಾರು?" ಅಂದಳು ಟೇಪಮ್ಮ. ಪಿನ್ನು ಬಾಯಿಂದ ಕೆಳಗೆ ಬಿತ್ತು.

"ನಿಮ್ಮ ತಂಗಿ. ನಾವೆಲ್ಲ ಹಾಗೇ ಕರೆಯೋದು. ಹೆಸರು ಇಟ್ಟವರು ನೀವೇ, ಈಗ ಯಾರು ಅಂತೀರಲ್ಲ." ಅವಳ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಅಕ್ಕರೆಯೇ ಇತ್ತು. "ಪಾಪ ಅವರು ಬೇಜಾರು ಮಾಡ್ಕೊಳ್ಳಲ್ಲ. ಕರೆದ್ರೆ ನಗ್ತಾರೆ."

ಟೇಪಮ್ಮ ಬಗ್ಗಿ ಪಿನ್ನು ಹುಡುಕಿದಳು. ನೆಲದ ಮೇಲೆ ಪಿನ್ನು ಕಣ್ಣಿಗೆ ಬಿದ್ದರೂ ಎತ್ತಿಕೊಳ್ಳದೆ ಹುಡುಕುತ್ತಲೇ ಇದ್ದಳು. ಒಂದು ತಿಂಗಳಿಂದ ಪ್ರತಿ ಸಂಜೆ ಆ ಶಾಲೆಯ ಹಾಲಿನಲ್ಲಿ ಈ ಹೆಸರು ಹಿಡಿದು ಕರೆದಿದ್ದಾರೆ, ಅವಳು ತಿರುಗಿ ನೋಡಿ ನಕ್ಕಿದ್ದಾಳೆ. ರಂಗ ತುಂಬುತ್ತೆ ಅನ್ನುವ ಮಾತು ಕೂಡ ಆಮೇಲೆ ಅವಳ ಕಿವಿಗೆ ಹೇಗೆ ಕೇಳಿಸಿರಬೇಕು. ನಾಚಿಕೆ ಅಂದರೆ ಮುಖಕ್ಕೆ ಸಂಬಂಧಿಸಿದ್ದು ಅಂದುಕೊಂಡಿದ್ದಳು ಟೇಪಮ್ಮ. ಈಗ ನೋಡಿದರೆ ಅದು ಬಗ್ಗಿದ ಬೆನ್ನಿನಲ್ಲೂ ಇತ್ತು. ಎದ್ದು ನಿಂತು, ಹಾಗೆ ಕರೀಬೇಡಿ ಅನ್ನಬೇಕು ಅಂದುಕೊಂಡಳು. ಅಷ್ಟರಲ್ಲಿ ಮೇಲಿನ ರಂಗದಿಂದ ನಿರ್ದೇಶಕನ ಕರೆ ಬಂತು. ಹೆಂಗಸರು ಲಂಗ ಎತ್ತಿ ಹಿಡಿದು, ಅಗಲವಾದ್ದರಿಂದ ಬಾಗಿಲಲ್ಲಿ ಅಡ್ಡಡ್ಡ ತಿರುಗಿ, ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿಹೋದರು. ಇಸ್ತ್ರಿಯವನೂ ರಾಣಿಯ ಮೇಲಂಗಿ ಹೊತ್ತುಕೊಂಡು ಹೋದ. ಸಲಾಕೆಯಲ್ಲಿ ಒಂದೇ ಒಂದು ಪಾಚಿ ಬಣ್ಣದ ಲಂಗ ಉಳಿಯಿತು.

ತಂಗಿ ಬಂದಾಗ ಟೇಪಮ್ಮ ಅದರ ಮುಂದೆಯೇ ನಿಂತಿದ್ದಳು. ಬಂದವಳು ಮೈಗಿಂತ ದೊಡ್ಡದಾದ ಸ್ವೆಟರು ಹಾಕಿಕೊಂಡಿದ್ದಳು, ಕೈಗಳು ತೋಳಿನೊಳಗೇ ಇದ್ದವು. ಕನ್ನಡಕದ ಅಂಗಡಿಯಿಂದ ನೇರವಾಗಿ ಬಂದಿರಬೇಕು, ತಡವಾಯಿತು ಅಂತಾಗಲಿ ಸಾರಿ ಅಂತಾಗಲಿ ಏನೂ ಹೇಳಲಿಲ್ಲ. ಬಾಗಿಲು ಹಾಕಿ, ಅದಕ್ಕೆ ಒರಗಿ, ಒಂದು ಸಲ ಉಸಿರು ತೆಗೆದುಕೊಂಡಳು.

"ಬರಲ್ಲವೇನೋ ಅಂದ್ಕೊಂಡಿದ್ದೆ," ಅಂದಳು ಟೇಪಮ್ಮ.

"ನಾನೂ ಹಾಗೇ ಅಂದ್ಕೊಂಡಿದ್ದೆ."

"ನೋಡು, ಅವತ್ತು ನಾನು..."

"ಮೊದಲು ಅಳತೆ ತಗೋ ಅಕ್ಕ."

"ಅಳತೆ ಇದೆಯಲ್ಲ ನನ್ನ ಹತ್ರ. ಮೊದಲು ನಾನು ಹೇಳೋದು ಕೇಳು."

"ಆಮೇಲೆ ಕೇಳ್ತೀನಿ. ತಗೋ ಅಂದೆನಲ್ಲ."

ತಂಗಿ ಸ್ವೆಟರು ತೆಗೆದಳು, ಉಟ್ಟಿದ್ದನ್ನು ಬಿಚ್ಚಿ ಒಳಲಂಗದಲ್ಲಿ ನಿಂತು ಎರಡೂ ಕೈ ಎತ್ತಿದಳು. ಟೇಪಮ್ಮ ಕೊರಳಿಂದ ಟೇಪು ಎಳೆದು ಅವಳ ಸೊಂಟಕ್ಕೆ ಸುತ್ತಿದಳು. ಟೇಪಿನ ತುದಿ ತಾನು ನೆನಪಿಟ್ಟುಕೊಂಡಿದ್ದ ಅಂಕಿಯನ್ನು ದಾಟಿ ಎಷ್ಟೋ ಕಡಿಮೆಯ ಅಂಕಿಗೆ ಹೋಯಿತು. ಎಲ್ಲೋ ಜಾರಿತು ಅಂತ ಬಿಚ್ಚಿ ಮತ್ತೆ ಸುತ್ತಿದಳು. ಮತ್ತೆ ಅಲ್ಲಿಗೇ ಬಂತು. ಬೆರಳಿಗೆ ಸೊಂಟದ ಮೂಳೆ ಸಿಕ್ಕಿತು. ಈ ಮೈಯಲ್ಲಿ ಅಲ್ಲಿ ಮೂಳೆಯಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ತಲೆಯೆತ್ತಿ ಆಗ ಸರಿಯಾಗಿ ನೋಡಿದಳು. ಕೊರಳ ಕೆಳಗೆ ಎರಡು ಗುಳಿ, ಕೆನ್ನೆ ಒಳಕ್ಕೆ ಹೋಗಿ ಮೂಗು ಬೇರೆ ಯಾರದೋ ಮೂಗಿನ ಹಾಗಾಗಿತ್ತು. ಎತ್ತಿದ ತೋಳುಗಳು ಸಣ್ಣಗೆ ನಡುಗುತ್ತಿದ್ದವು.

"ಏನಾಯ್ತೇ ನಿನಗೆ? ಹುಷಾರಿಲ್ವಾ?"

"ಎಷ್ಟು ಬಂತು ಹೇಳು."

"ಊಟ ಮಾಡ್ತಿದ್ದೀಯೋ ಇಲ್ವೋ?"

"ಎಷ್ಟು ಬಂತು ಅಂತ ಕೇಳಿದೆ."

ಟೇಪಮ್ಮ ಹೇಳಿದಳು. ತಂಗಿಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅಷ್ಟು ನಿರಾಳವಾದ ಸಂತೋಷವನ್ನು ಆ ಮುಖದಲ್ಲಿ ಟೇಪಮ್ಮ ನೋಡಿರಲಿಲ್ಲ. "ಹಾಗಾದ್ರೆ ನನಗೂ ಬೇಕು," ಅಂದಳು.

"ಏನು?"

"ದಿಂಬು. ಇಲ್ಲಾಂದ್ರೆ ಲಂಗ ಜೋಲುತ್ತೆ, ಗೆರೆ ತಪ್ಪುತ್ತೆ. ಅಲ್ವಾ? ನೀನೇ ಹೇಳು."

"ಬೇಕು," ಅಂದಳು ಟೇಪಮ್ಮ. ಸುಳ್ಳು ಹೇಳಲು ಜಾಗವಿರಲಿಲ್ಲ, ಟೇಪು ಇಬ್ಬರ ನಡುವೆಯೇ ಇತ್ತು. ಬುಟ್ಟಿ ಖಾಲಿಯಾಗಿತ್ತು. ಎಲ್ಲ ದಿಂಬುಗಳೂ ಮೇಲೆ ಹೋಗಿದ್ದವು. ಕೈಚೀಲದಲ್ಲಿದ್ದ ಖಾಲಿ ದಿಂಬು ಒಂದೇ ಉಳಿದದ್ದು. ಅವಳು ಅದನ್ನು ಹೊರಗೆ ತೆಗೆದಾಗ ತಂಗಿ ಕೈಚಾಚಿ ಇಸಿದುಕೊಂಡು, ಬಟ್ಟೆಯನ್ನು ಸವರಿ, ಲಾಡಿ ಎಳೆದು ನೋಡಿದಳು.

"ನನಗೇ ಅಂತ ಹೊಲಿದಿಟ್ಟಿದ್ದೀಯಾ?"

"ನಿನಗೇ."

"ಬರೀ ತುಂಬೋದು ಬಾಕಿ ಇಟ್ಕೊಂಡು." ತಂಗಿಯ ಕಣ್ಣಲ್ಲಿ ನೀರು ಬಂತು. "ಅಂದ್ರೆ ನಿನಗೆ ಗೊತ್ತಿತ್ತು ನಾನು ಇಳಿದೇ ಇಳಿತೀನಿ ಅಂತ. ನಿನ್ನ ಬಾಯಲ್ಲಿ ಮಾತ್ರ ಒಳ್ಳೇ ಮಾತು ಬರಲ್ಲ, ಅಲ್ವಾ? ನಿರ್ದೇಶಕರಿಗೆ ಬಿಡ್ತೀನಿ ಅಂದಿದ್ದೆ ಅಕ್ಕ. ಇವತ್ತೂ ಅದೇ ನಂಬರ್ ಬಂದ್ರೆ ಹಾಗೇ ವಾಪಸ್ ಹೋಗೋಣ ಅಂತಲೇ ಬಂದಿದ್ದು."

ಅಲ್ಲ, ಇದನ್ನು ಖಾಲಿಯಾಗೇ ಕಟ್ಟೋಣ ಅಂತ ಹೊಲಿದದ್ದು, ನಿನ್ನನ್ನು ಸಮಾಧಾನ ಮಾಡೋಕೆ, ಮೋಸ ಮಾಡೋಕೆ. ಹೀಗಂತ ಹೇಳಬೇಕಿತ್ತು. ಅದನ್ನು ಹೇಳಿದರೆ ಈ ಮುಖ ಏನಾಗುತ್ತದೆ ಅನ್ನುವುದು ಟೇಪಮ್ಮನಿಗೆ ಕಾಣುತ್ತಿತ್ತು. ಅವಳು ಮೇಜಿನ ಕೆಳಗಿನ ಚೀಲದಿಂದ ಹತ್ತಿ ತೆಗೆದು, ಅಂಚಿನಲ್ಲಿ ಅರ್ಧ ಗೇಣು ಹೊಲಿಗೆ ಬಿಚ್ಚಿ ತುಂಬತೊಡಗಿದಳು. ಮೊದಲು ತುದಿಗಳಿಗೆ ಸ್ವಲ್ಪ, ಆಮೇಲೆ ನಡುವಿಗೆ, ಗಂಟು ಕಟ್ಟದಂತೆ ಎಳೆ ಎಳೆಯಾಗಿ ಬಿಡಿಸಿ. ತಂಗಿ ಮೇಜಿನ ಅಂಚು ಹಿಡಿದುಕೊಂಡು ನಿಂತು ನೋಡುತ್ತಿದ್ದಳು.

"ಅವತ್ತು ನಾನು ಅಂದದ್ದು ತಪ್ಪು ಕಣೆ," ಅಂದಳು ಟೇಪಮ್ಮ, ಹತ್ತಿಯಿಂದ ಕಣ್ಣು ಎತ್ತದೆ. "ನಗಿಸೋಕೆ ಅಂದೆ. ನಿನಗೆ ಚುಚ್ಚುತ್ತೆ ಅಂತ ಗೊತ್ತಿದ್ದೂ ಅಂದೆ."

"ಗೊತ್ತು," ಅಂದಳು ತಂಗಿ. "ನಿನ್ನ ಮುಖ ನೋಡ್ತಾನೇ ಇದ್ನಲ್ಲ." ಆಮೇಲೆ, ಸಿಟ್ಟಿನ ಸುಳಿವೂ ಇಲ್ಲದ ದನಿಯಲ್ಲಿ, "ಆದ್ರೆ ನೀನು ಅನ್ನದೇ ಇದ್ದಿದ್ರೆ ನನ್ನ ಕೈಲಿ ಇದು ಆಗ್ತಾನೇ ಇರಲಿಲ್ಲ. ಎಷ್ಟು ಸಲ ಪ್ರಯತ್ನ ಪಟ್ಟಿದ್ದೆ ಗೊತ್ತಾ, ಮದುವೆಗೆ ಮುಂಚೆ, ಆಮೇಲೆ ಅವನು ಹೋದಾಗ. ಈ ಸಲ ಹಸಿವಾದಾಗಲೆಲ್ಲ ಆ ನಗು ನೆನಪು ಮಾಡ್ಕೊಳ್ತಿದ್ದೆ, ಹಸಿವು ಹೋಗ್ತಿತ್ತು."

ಟೇಪಮ್ಮನ ಕೈ ಹತ್ತಿಯೊಳಗೇ ನಿಂತಿತು. "ಇವತ್ತು ಏನು ತಿಂದೆ?"

"ನೀರು ಕುಡಿದೆ."

"ಡಬ್ಬಿ ಇದೆ, ಎರಡು ತುತ್ತು ತಿನ್ನು. ನನ್ನ ಕಣ್ಮುಂದೆ ತಿನ್ನು."

"ಈಗ ತಿಂದ್ರೆ ಅಳತೆ ಮತ್ತೆ ತಪ್ಪಲ್ವಾ? ನಾಟಕ ಮುಗಿಯೋವರೆಗೂ ಹೀಗೇ ಇದ್ದುಬಿಡ್ತೀನಿ. ನೀನೇ ಆಗಾಗ ಟೇಪು ಹಿಡಿದು ನೋಡ್ತಾ ಇರು, ಹೆಚ್ಚಿದ್ರೆ ಬೈ." ದಿಂಬನ್ನು ಬೆರಳಲ್ಲಿ ಒತ್ತಿ ನೋಡಿದಳು. "ಇನ್ನೂ ಸ್ವಲ್ಪ ಹಾಕು ಅಕ್ಕ. ಮೆತ್ತಗಿದೆ."

ಟೇಪಮ್ಮ ಇನ್ನೊಂದು ಹಿಡಿ ಹಾಕಿ ಬಾಯಿ ಹೊಲಿದಳು. ತಂಗಿಯ ಬೆನ್ನ ಹಿಂದೆ ನಿಂತು ದಿಂಬು ಸುತ್ತಿ, ಮುಂದೆ ಬಂದು ಗಂಟು ಹಾಕಿದಳು. ಒಳಲಂಗ, ಅದರ ಮೇಲೆ ಪಾಚಿ ಬಣ್ಣದ ಲಂಗ, ರವಿಕೆಯ ಹಿಂದಿನ ಕಸೆ. ಕಸೆ ಎಳೆಯುತ್ತ ಎಳೆಯುತ್ತ ಎರಡು ಅಂಚೂ ಒಂದಕ್ಕೊಂದು ತಾಗಿಯೇ ಬಿಟ್ಟವು. ಮೇಲಿನಿಂದ ನಿರ್ದೇಶಕನ ದನಿ ಕೇಳಿಸಿತು, ಮೂರನೇ ದೃಶ್ಯದವರು ಯಾರು ಬಂದಿಲ್ಲ, ಟಿಕೆಟ್ ಹುಡುಗೀನ ಕರೀರಿ. ತಂಗಿ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ಅಕ್ಕನ ಕಡೆ ನೋಡಿದಳು.

"ಸರಿಯಾಗಿದೀನಾ? ನೀನು ಹೂಂ ಅಂದ್ರೆ ಮಾತ್ರ ಮೇಲೆ ಹೋಗ್ತೀನಿ."

ತಂಗಿಯ ಸೊಂಟದ ಗೆರೆ, ಮೇಲೆ ರಂಗದಲ್ಲಿ ನಿಂತಿದ್ದ ಉಳಿದ ಆರು ಜನರ ಗೆರೆಗೆ ಸರಿಯಾಗಿ, ಎಲ್ಲಿಯೂ ಏಣು ಕಾಣದೆ, ಅಚ್ಚು ಹಾಕಿದ ಹಾಗೆ ಕೂತಿತ್ತು. ಟೇಪಮ್ಮ ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರನ್ನೂ ಸಿದ್ಧ ಮಾಡಿರಲಿಲ್ಲ.

"ಸರಿಯಾಗಿದೀಯ," ಅಂದಳು.

ತಂಗಿ ಬಾಗಿಲಲ್ಲಿ ಅಡ್ಡ ತಿರುಗಿ ಹೊರಗೆ ಹೋದಳು. ಅರ್ಧ ಮೆಟ್ಟಿಲು ಹತ್ತಿದವಳು ನಿಂತಳು. ಒಂದು ಕೈ ಗೋಡೆಗೆ ಕೊಟ್ಟು, ತಲೆ ತಗ್ಗಿಸಿ, ಕಣ್ಣು ಕತ್ತಲೆ ಬಂದದ್ದು ಕಳೆಯುವವರೆಗೆ ಕಾದಳು. ಕೆಳಗೆ ನಿಂತಿದ್ದ ಟೇಪಮ್ಮ ಕರೆಯಲು ಬಾಯಿ ತೆರೆದಳು. ಕರೆದರೆ ತಂಗಿ ಇಳಿದು ಬರುತ್ತಾಳೆ. ಇಳಿದು ಬಂದರೆ ಮತ್ತೆ ಯಾವತ್ತೂ ಹತ್ತುವುದಿಲ್ಲ. ತಂಗಿ ಗೋಡೆಯಿಂದ ಕೈ ತೆಗೆದು, ಎರಡೂ ಕೈಯಲ್ಲಿ ಲಂಗ ಎತ್ತಿ ಹಿಡಿದು, ಉಳಿದ ಮೆಟ್ಟಿಲುಗಳನ್ನು ಹತ್ತಿದಳು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಅವಳ ದನಿ ಕೇಳಿಸಿತು, ಮಹಾರಾಣಿ, ಅವರು ಇನ್ನು ಬರುವುದಿಲ್ಲ ಅಂತ, ಒಂದು ಅಕ್ಷರವೂ ತಪ್ಪದೆ. ಟೇಪಮ್ಮ ತೆರೆದ ಬಾಯಿ ಮುಚ್ಚದೆ ಅಲ್ಲೇ ನಿಂತಿದ್ದಳು.